ಅಣ್ಣತಮ್ಮಂದಿರ ತಕ್ಕಡಿ

ಈಜಿಪ್ಟಿನಿಂದ ಬಂದ ಚಿನ್ನವನ್ನು ಬ್ಯಾಬಿಲೋನಿನಲ್ಲಿ ಕುಲುಮೆಗೆ ಹಾಕಿದರು. ಲೆಕ್ಕದಲ್ಲಿ ಅದು 20 ಮಿನಾ, ಅಂದರೆ ಸುಮಾರು 10 ಕಿಲೋ. ಕರಗಿಸಿ ನೋಡಿದರೆ 5 ಮಿನಾ ಚಿನ್ನವೂ ಉಳಿಯಲಿಲ್ಲ. ರಾಜ ಬುರ್ನಬುರಿಯಾಶ್‌ಗೆ ಸಿಟ್ಟು ಬಂತು. ಸಿಟ್ಟು ಬಂದರೂ ಅವನು ದಂಡೆತ್ತಿ ಹೋಗಲಿಲ್ಲ, ಜೇಡಿಮಣ್ಣಿನ ಹಲಗೆಯ ಮೇಲೆ ಪತ್ರ ಬರೆಸಿದ. ವಾಡಿಕೆಯಂತೆ ಮೊದಲು ಕುಶಲಪ್ರಶ್ನೆ: ನಾನು ಕ್ಷೇಮ, ನೀನೂ ನಿನ್ನ ಮನೆಯೂ ಹೆಂಡಿರು ಮಕ್ಕಳೂ ಕುದುರೆ ರಥಗಳೂ ಕ್ಷೇಮವಾಗಿರಲಿ. ಆಮೇಲೆ ಚಿನ್ನದ ತಕರಾರು. ಆ ಪತ್ರದಲ್ಲಿ ಈಜಿಪ್ಟಿನ ಫೇರೋನನ್ನು ಅವನು ಕರೆದದ್ದು 'ಸೋದರ' ಎಂದು.

ಇದು ಕ್ರಿ.ಪೂ. 14ನೆಯ ಶತಮಾನದ ಮಾತು. ಈ ಪತ್ರ ಇವತ್ತು ನಮ್ಮ ಕೈಯಲ್ಲಿರುವುದೇ ಒಂದು ಅದೃಷ್ಟ. 1887ರಲ್ಲಿ ನೈಲ್ ನದಿಯ ದಡದ ಅಮರ್ನಾ ಎಂಬಲ್ಲಿ, ಹಾಳುಬಿದ್ದ ಹಳೆಯ ಇಟ್ಟಿಗೆಯ ಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಅಗೆಯುತ್ತಿದ್ದ ಹಳ್ಳಿಯವರಿಗೆ ಬೆಣೆಯಾಕಾರದ ಅಕ್ಷರಗಳಿದ್ದ ಮಣ್ಣಿನ ಹಲಗೆಗಳು ಸಿಕ್ಕವು. ಈಜಿಪ್ಟಿನ ನೆಲದಲ್ಲಿ ಮೆಸೊಪೊಟೇಮಿಯದ ಲಿಪಿ ಕಂಡು ಮೊದಮೊದಲು ಕೆಲವರು ನಕಲಿ ಎಂದೇ ತಳ್ಳಿಹಾಕಿದರು. ಈಗ ಬರ್ಲಿನ್, ಲಂಡನ್, ಕೈರೋಗಳಲ್ಲಿ ಹಂಚಿಹೋಗಿರುವ ಆ ಹಲಗೆಗಳ ಸಂಖ್ಯೆ 380ಕ್ಕೂ ಹೆಚ್ಚು. ಅಲ್ಲಿ ಒಂದು ಕಾಲದಲ್ಲಿ ಫೇರೋ ಅಖೆನಾತೆನ್‌ನ ರಾಜಧಾನಿ ಇತ್ತು. ಹಳ್ಳಿಯವರ ಗುದ್ದಲಿಗೆ ತಾಗಿದ್ದು ಅವನ ವಿದೇಶಾಂಗ ಕಚೇರಿಯ ಕಡತ.

ಸುಮಾರು ಮೂವತ್ತು ವರ್ಷಗಳ ವ್ಯವಹಾರವನ್ನು ಹಿಡಿದಿಟ್ಟಿರುವ ಈ ಕಡತದಲ್ಲಿ ಸಾಮ್ರಾಜ್ಯಗಳು ಒಂದನ್ನೊಂದು ಹೇಗೆ ತೂಗಿ ನೋಡುತ್ತಿದ್ದವು ಎಂಬುದು ಬೇರೆಲ್ಲೂ ಕಾಣದಷ್ಟು ಹತ್ತಿರದಿಂದ ಕಾಣುತ್ತದೆ. ನೈಲ್ ಕಣಿವೆಯಲ್ಲಿ ಈಜಿಪ್ಟ್, ಇಂದಿನ ಟರ್ಕಿಯ ಪ್ರಸ್ಥಭೂಮಿಯಲ್ಲಿ ಹಿಟ್ಟೈಟರು, ಉತ್ತರ ಸಿರಿಯದಿಂದ ಟೈಗ್ರಿಸ್‌ವರೆಗೆ ಮಿತನ್ನಿ, ದಕ್ಷಿಣ ಇರಾಕಿನಲ್ಲಿ ಬ್ಯಾಬಿಲೋನ್. ಈ ನಾಲ್ವರು 'ಮಹಾರಾಜ'ರು. ತಾಮ್ರದ ಗಣಿಗಳಿದ್ದ ಅಲಾಶಿಯ, ಅಂದರೆ ಸೈಪ್ರಸ್ ದ್ವೀಪದ ರಾಜನೂ ಫೇರೋನನ್ನು ಸೋದರ ಎನ್ನುತ್ತಿದ್ದ. ಇವರೆಲ್ಲರೂ ಪತ್ರ ಬರೆಯುತ್ತಿದ್ದದ್ದು ಹೆಚ್ಚಾಗಿ ಅಕ್ಕಾಡಿಯನ್ ಭಾಷೆಯಲ್ಲಿ.

'ಸೋದರ' ಎಂಬುದು ಇಲ್ಲಿ ಪ್ರೀತಿಯ ಮಾತಾಗಿರಲಿಲ್ಲ, ಪದವಿಯಾಗಿತ್ತು. ಮಾಂಡಲಿಕ ರಾಜರು ಫೇರೋನಿಗೆ ಬರೆಯುವಾಗ ನಿನ್ನ ಪಾದಕ್ಕೆ ಏಳು ಬಾರಿ, ಮತ್ತೆ ಏಳು ಬಾರಿ ಬೀಳುತ್ತೇನೆ ಎನ್ನಬೇಕಿತ್ತು. ಸೋದರರು ಹಾಗೆ ಬೀಳುವ ಹಾಗಿಲ್ಲ. ಯಾರು ಯಾರನ್ನು ಅಣ್ಣತಮ್ಮ ಎನ್ನಬಹುದು ಎಂಬ ಪ್ರಶ್ನೆಗೆ ಮುಂದಿನ ಒಂದೂವರೆ ಶತಮಾನದಲ್ಲಿ ಎಷ್ಟು ರಕ್ತ ಹರಿಯಿತೆಂದು ನೋಡಿದರೆ, ಆ ಒಂದು ಪದದ ತೂಕ ಗೊತ್ತಾಗುತ್ತದೆ.

ಈ ನಂಟು ಹುಟ್ಟಿದ್ದು ಹಗೆಯಿಂದಲೇ. ಕ್ರಿ.ಪೂ. 15ನೆಯ ಶತಮಾನದಲ್ಲಿ ಫೇರೋ ಮೂರನೆಯ ಥುಟ್‌ಮೋಸ್ ಯೂಫ್ರೆಟಿಸ್ ನದಿ ದಾಟಿ ಮಿತನ್ನಿಯ ಮೇಲೆ ದಾಳಿ ಮಾಡಿದ್ದ. ಸಿರಿಯ ಯಾರದ್ದೆಂಬುದೇ ಜಗಳ. ಆದರೆ ಉತ್ತರದಲ್ಲಿ ಹಿಟ್ಟೈಟರು ತಲೆಯೆತ್ತುತ್ತಿದ್ದಂತೆ ಇಬ್ಬರಿಗೂ ಮೂರನೆಯವನ ಭಯ ಹತ್ತಿತು. ಮೊಮ್ಮಗ ನಾಲ್ಕನೆಯ ಥುಟ್‌ಮೋಸ್‌ನ ಕಾಲಕ್ಕೆ ಹಳೆಯ ಶತ್ರುವಿನ ಮನೆಯಿಂದಲೇ ಹೆಣ್ಣು ತರುವ ಮಾತು ಬಂತು. ಮಿತನ್ನಿಯ ರಾಜ ಅರ್ತತಮ ಕೇಳಿದ ಕೂಡಲೇ ಕೊಡಲಿಲ್ಲ. ಏಳನೆಯ ಸಲ ಕೇಳಿದಾಗ ಮಾತ್ರ ಒಪ್ಪಿದ ಎಂದು ಅವನ ಮೊಮ್ಮಗ ತುಷ್ರತ್ತ ಮುಂದೊಂದು ಪತ್ರದಲ್ಲಿ ಅಭಿಮಾನದಿಂದ ನೆನೆಯುತ್ತಾನೆ. ಬೀಗರಾಗುವ ಮುನ್ನ ತೂಕ ಉಳಿಸಿಕೊಳ್ಳುವ ಪಟ್ಟು ಅದು.

ಮಿತನ್ನಿಯ ಹೆಸರು ಭಾರತದ ಓದುಗರಿಗೆ ಬೇರೊಂದು ಕಾರಣಕ್ಕೆ ಕುತೂಹಲದ್ದು. ಅಲ್ಲಿಯ ಜನ ಹುರ್ರಿಯನ್ ಭಾಷೆ ಆಡುತ್ತಿದ್ದರು. ಆದರೆ ಅರಸರ ಹೆಸರುಗಳಲ್ಲೂ ಕುದುರೆಯ ಕಸುಬಿನಲ್ಲೂ ಸಂಸ್ಕೃತಕ್ಕೆ ತೀರ ಹತ್ತಿರದ ಒಂದು ಭಾಷೆಯ ಗುರುತುಗಳಿವೆ. ಕಿಕ್ಕುಲಿ ಎಂಬ ಮಿತನ್ನಿಯ ಕುದುರೆ ಪಳಗಿಸುವವನು ಹಿಟ್ಟೈಟರಿಗಾಗಿ ಬರೆಸಿದ ಕೈಪಿಡಿಯಲ್ಲಿ ಓಟದ ಸುತ್ತುಗಳನ್ನು ಎಣಿಸುವ ಸಂಖ್ಯೆಗಳು ಐಕ, ತೆರ, ಪಂಜ, ಸತ್ತ. ಎರಡು ನದಿಗಳ ನಡುವಿನ ಈ ರಾಜ್ಯ ನಾಲ್ಕೂ ದಿಕ್ಕಿನ ದೊಡ್ಡವರ ನಡುವೆ ನಿಂತಿತ್ತು. ತಕ್ಕಡಿಗೆ ಮುಳ್ಳಿದ್ದಂತೆ ಈ ವ್ಯವಸ್ಥೆಗೆ ಮಿತನ್ನಿ.

ನಂಟಸ್ತನ ಉಳಿಯಬೇಕಾದರೆ ಕೊಡುಕೊಳ್ಳುವಿಕೆ ನಿಲ್ಲಬಾರದು. ಈಜಿಪ್ಟಿನ ಬಳಿ ನುಬಿಯಾದ ಗಣಿಗಳ ಚಿನ್ನವಿತ್ತು. ಬ್ಯಾಬಿಲೋನಿನಿಂದ ಕುದುರೆ, ರಥ, ಅಫ್ಘಾನಿಸ್ತಾನದ ಗಣಿಗಳಿಂದ ಕೈಬದಲಾಗುತ್ತಾ ಬಂದ ಲಾಪಿಸ್ ಲಾಜುಲಿ ಎಂಬ ನೀಲಿಕಲ್ಲು ಬರುತ್ತಿತ್ತು. ಸೈಪ್ರಸ್ಸಿನಿಂದ ತಾಮ್ರ. ಒಮ್ಮೆ ಅಲ್ಲಿಯ ರಾಜ, ತಾಮ್ರ ಕಡಿಮೆಯಾಯಿತೆಂದು ಬೇಸರಪಡಬೇಡ ಸೋದರ, ಮಾರಿ ಬಡಿದು ನನ್ನ ನಾಡಿನ ಗಂಡಾಳುಗಳೆಲ್ಲ ಸತ್ತಿದ್ದಾರೆ, ತಾಮ್ರ ತೆಗೆಯುವವರೇ ಇಲ್ಲ ಎಂದು ಬರೆದ. ಇದನ್ನೆಲ್ಲ ವ್ಯಾಪಾರ ಎಂದು ಯಾರೂ ಕರೆಯುತ್ತಿರಲಿಲ್ಲ, ಉಡುಗೊರೆ ಎನ್ನುತ್ತಿದ್ದರು. ಎಷ್ಟು ಬಂತು ಎಂಬುದಕ್ಕಿಂತ ಪಕ್ಕದ ಅರಮನೆಗೆ ಎಷ್ಟು ಹೋಯಿತು ಎಂಬುದೇ ಮುಖ್ಯವಾಗಿತ್ತು.

ಆಮೇಲೆ ಹೆಣ್ಣುಮಕ್ಕಳು. ತುಷ್ರತ್ತನ ಅಕ್ಕ ಕೆಲುಹೇಪ ಮೂರನೆಯ ಅಮೆನ್‌ಹೋಟೆಪ್‌ನ ಅಂತಃಪುರ ಸೇರಿದಾಗ ಜೊತೆಗೆ 317 ಹೆಂಗಸರು ಹೋದರು. ಫೇರೋ ಆ ಸಂಖ್ಯೆಯನ್ನು ಸ್ಮಾರಕ ಮುದ್ರೆಗಳಲ್ಲಿ ಕೆತ್ತಿಸಿ ಹಂಚಿದ. ಬ್ಯಾಬಿಲೋನಿನ ಕದಶ್ಮನ್ ಎನ್ಲಿಲ್ ತಾನೂ ಈಜಿಪ್ಟಿನಿಂದ ರಾಜಕುಮಾರಿಯನ್ನು ಕೇಳಿದ. ಈಜಿಪ್ಟಿನ ಅರಸನ ಮಗಳನ್ನು ಯಾರಿಗೂ ಕೊಟ್ಟ ಪದ್ಧತಿಯೇ ಇಲ್ಲವೆಂಬ ಉತ್ತರ ಬಂತು. ಹಾಗಾದರೆ ಯಾವಳಾದರೂ ಚೆಲುವೆಯನ್ನು ಕಳಿಸು, ರಾಜನ ಮಗಳಲ್ಲ ಎಂದು ಇಲ್ಲಿ ಯಾರು ಹೇಳುತ್ತಾರೆ ಎಂದು ಇವನು ಮರುಪತ್ರ ಬರೆದ. ಇದೇ ರಾಜನ ತಂಗಿಯನ್ನು ಹಿಂದೆಯೇ ಈಜಿಪ್ಟಿಗೆ ಕೊಟ್ಟಿದ್ದರು. ಆಕೆ ಬದುಕಿದ್ದಾಳೋ ಇಲ್ಲವೋ ತಿಳಿಯುತ್ತಿಲ್ಲ, ನಮ್ಮ ದೂತರಿಗೆ ತೋರಿಸಿದ ಹೆಂಗಸು ಆಕೆಯೇ ಎಂದು ಅವರಿಗೆ ಗುರುತು ಹತ್ತಲಿಲ್ಲ ಎಂಬ ಅಣ್ಣನ ಆತಂಕವೂ ಕಡತದಲ್ಲಿದೆ. ಆಕೆಯ ದನಿ ಮಾತ್ರ ಒಂದು ಸಾಲಿನಷ್ಟೂ ಇಲ್ಲ. ಸಾಮ್ರಾಜ್ಯಗಳ ಸಮತೋಲವನ್ನು ಹೊತ್ತು ನಿಂತವರು ಈ ಹೆಣ್ಣುಮಕ್ಕಳು. ಇತಿಹಾಸದ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ.

ಪತ್ರಗಳಲ್ಲಿ ಮನುಷ್ಯರೂ ಕಾಣುತ್ತಾರೆ. ಬುರ್ನಬುರಿಯಾಶ್‌ಗೆ ಒಮ್ಮೆ ಹುಷಾರು ತಪ್ಪಿತು. ಈಜಿಪ್ಟಿನ ಸೋದರ ಒಂದು ಮಾತು ವಿಚಾರಿಸಲಿಲ್ಲವಲ್ಲ ಎಂದು ಅವನು ನೊಂದುಕೊಂಡ. ಎರಡೂ ನಾಡುಗಳ ನಡುವೆ ಅಷ್ಟು ಬೇಗ ಸುದ್ದಿ ಮುಟ್ಟುವುದಿಲ್ಲ, ದಾರಿ ಬಲು ದೂರ ಎಂದು ಈಜಿಪ್ಟಿನ ದೂತ ಸಮಾಧಾನ ಹೇಳಿದ. ರಾಜ ತನ್ನ ದೂತನನ್ನೇ ಕರೆದು ನಿಜವೇ ಎಂದು ಕೇಳಿ, ಹೌದೆಂದ ಮೇಲೆ ಸಿಟ್ಟು ಬಿಟ್ಟ. ಇದನ್ನು ಅವನೇ ಬರೆಸಿದ್ದಾನೆ. ಭೂಪಟ ನೋಡಿ ಅರಿಯದ ಕಾಲದಲ್ಲಿ, ನಾನೂ ಅವನೂ ಸಮಾನರೆಂಬ ನಂಬಿಕೆ ಇಂಥ ಸಣ್ಣ ಗಾಯಗಳ ಮೇಲೆಯೇ ನಿಂತಿತ್ತು.

ತುಷ್ರತ್ತನ ಗಾಯ ದೊಡ್ಡದು. ಅಮೆನ್‌ಹೋಟೆಪ್ ಅವನಿಗೆ ಅಚ್ಚ ಚಿನ್ನದ ಎರಡು ಪ್ರತಿಮೆಗಳ ಮಾತು ಕೊಟ್ಟಿದ್ದ. ಅವನು ತೀರಿಕೊಂಡ ಮೇಲೆ ಮಗ ಅಖೆನಾತೆನ್ ಕಳಿಸಿದ್ದು ಚಿನ್ನದ ತಗಡು ಹೊದಿಸಿದ ಮರದ ಬೊಂಬೆಗಳನ್ನು. ತುಷ್ರತ್ತ ಪತ್ರದ ಮೇಲೆ ಪತ್ರ ಬರೆದ. ವಿಧವೆ ರಾಣಿ ತಿಯೆಗೂ ಬರೆದು, ನಿನ್ನ ಗಂಡನೂ ನಾನೂ ಆಡಿದ ಮಾತು ಬಲ್ಲವಳು ನೀನೇ, ಮಗನಿಗೆ ತಿಳಿಹೇಳು ಎಂದು ಕೇಳಿಕೊಂಡ. ಚಿನ್ನದ ಆಸೆಯೆಂದು ಇದನ್ನು ನೋಡುವವರಿದ್ದಾರೆ. ಬಗಲಲ್ಲೇ ಹಿಟ್ಟೈಟರ ಸೈನ್ಯವಿದ್ದ ರಾಜನೊಬ್ಬ, ಈಜಿಪ್ಟಿನ ಸ್ನೇಹ ಇನ್ನೂ ಗಟ್ಟಿಯೋ ಬರಿಯ ಮುಲಾಮೋ ಎಂದು ಆ ಮರದ ಬೊಂಬೆಗಳನ್ನು ಕೆರೆದು ನೋಡುತ್ತಿದ್ದ ಎಂದರೆ ಹೆಚ್ಚು ನಿಜವಾದೀತು.

ಅಷ್ಟರಲ್ಲಿ ಕೂಟಕ್ಕೆ ಹೊಸಬನೊಬ್ಬ ಬಾಗಿಲು ತಟ್ಟಿದ. ಅಸ್ಸೀರಿಯದ ಅಶ್ಶುರ್ ಉಬಲ್ಲಿತ್ ಮೊದಲು ವಿನಯದಿಂದ ಒಂದು ರಥ, ಎರಡು ಕುದುರೆ, ಒಂದಿಷ್ಟು ನೀಲಿಕಲ್ಲು ಕಳಿಸಿದ. ಎರಡನೆಯ ಪತ್ರದ ಹೊತ್ತಿಗೆ ಅವನು 'ಮಹಾರಾಜ', ಫೇರೋನ 'ಸೋದರ'. ನಿನ್ನ ನಾಡಿನಲ್ಲಿ ಚಿನ್ನ ಧೂಳಿನಂತೆ ಬಿದ್ದಿದೆಯಲ್ಲ, ಮಿತನ್ನಿಯವನಿಗೆ 20 ಟ್ಯಾಲೆಂಟ್ ತೂಕ ಕೊಟ್ಟೆಯಲ್ಲ, ನಾನೇನು ಕಡಿಮೆ ಎಂದು ಕೇಳಿದ. ನನ್ನ ದೂತರನ್ನು ಬಿಸಿಲಲ್ಲಿ ನಿಲ್ಲಿಸಿ ಯಾಕೆ ಸಾಯಿಸುತ್ತೀ ಎಂಬ ದೂರೂ ಜೊತೆಗಿತ್ತು. ಬ್ಯಾಬಿಲೋನ್ ಕೆರಳಿತು. ಅಸ್ಸೀರಿಯದವರು ನನ್ನ ಕೈಕೆಳಗಿನವರು, ಬರಿಗೈಯಲ್ಲಿ ಅಟ್ಟಿಬಿಡು ಎಂದು ಬುರ್ನಬುರಿಯಾಶ್ ಫೇರೋನಿಗೆ ಬರೆದ. ಅವನ ಮಾತು ನಡೆಯಲಿಲ್ಲ. ಬ್ಯಾಬಿಲೋನಿನ ಅರಮನೆಯೇ ಮುಂದೆ ಅಶ್ಶುರ್ ಉಬಲ್ಲಿತನ ಮಗಳನ್ನು ಸೊಸೆಯೋ ರಾಣಿಯೋ ಆಗಿ ತಂದುಕೊಂಡಿತು. ಆಕೆಯ ಸಂತಾನ ದಂಗೆಯಲ್ಲಿ ಕೊಲೆಯಾದಾಗ ಅಶ್ಶುರ್ ಉಬಲ್ಲಿತ್ ಸೇನೆಯೊಡನೆ ಬಂದು, ತನಗೆ ಬೇಕಾದವನನ್ನು ಬ್ಯಾಬಿಲೋನಿನ ಗದ್ದುಗೆಗೆ ಕೂರಿಸಿ ಹೋದ.

ದೊಡ್ಡವರು ಹೀಗೆ ತೂಗಿಕೊಳ್ಳುತ್ತಿದ್ದಾಗ ಸಣ್ಣವರ ಗತಿ ಏನಾಯಿತು ಎಂಬುದಕ್ಕೆ ಇಂದಿನ ಲೆಬನಾನಿನ ಬಿಬ್ಲೋಸ್ ಪಟ್ಟಣದ ರಿಬ್‌ಹದ್ದ ಸಾಕ್ಷಿ. ಅಮರ್ನಾ ಕಡತದಲ್ಲಿ ಅವನವೇ 60ಕ್ಕಿಂತ ಹೆಚ್ಚು ಪತ್ರಗಳಿವೆ. ಪಕ್ಕದ ಅಮುರ್ರು ರಾಜ್ಯದ ಅಬ್ದಿಅಶಿರ್ತ, ಅವನ ತರುವಾಯ ಮಗ ಅಜೀರು, ಬಿಬ್ಲೋಸಿನ ಹಳ್ಳಿಗಳನ್ನು ಒಂದೊಂದಾಗಿ ನುಂಗುತ್ತಿದ್ದರು. ಕಾಳು ಮುಗಿಯಿತು, ಜನ ಮಕ್ಕಳನ್ನು ಮಾರಿ ಹೊಟ್ಟೆ ಹೊರೆಯುತ್ತಿದ್ದಾರೆ, ಬಲೆಗೆ ಬಿದ್ದ ಹಕ್ಕಿಯಂತಾಗಿದ್ದೇನೆ, ಬಿಲ್ಲಾಳುಗಳನ್ನು ಕಳಿಸು ಎಂದು ಅವನು ಫೇರೋನಿಗೆ ಮೊರೆಯಿಟ್ಟ. ರಿಬ್‌ಹದ್ದ ಯಾಕೆ ಹೀಗೆ ಬಿಡದೆ ಪತ್ರ ಕಳಿಸುತ್ತಾನೆಂಬ ಬೇಸರವೇ ಅರಮನೆಯಿಂದ ಬಂದದ್ದು. ಕೊನೆಗೆ ಅವನನ್ನು ಸ್ವಂತ ತಮ್ಮನೇ ಊರಿನಿಂದ ಹೊರಗಟ್ಟಿದ. ಅಜೀರು ಈಜಿಪ್ಟಿಗೆ ಹೋಗಿ, ಅಲ್ಲಿ ಬಹುಕಾಲ ಇದ್ದು, ತಿರುಗಿ ಬಂದವನೇ ಹಿಟ್ಟೈಟರ ಪಕ್ಷ ಸೇರಿದ.

ಹಿಟ್ಟೈಟ್ ರಾಜ ಸುಪ್ಪಿಲುಲಿಯುಮ ಅಷ್ಟು ಹೊತ್ತಿಗೆ ತಕ್ಕಡಿಯ ಮುಳ್ಳಿಗೇ ಕೈಹಾಕಿದ್ದ. ಮಿತನ್ನಿಯಲ್ಲಿ ಗದ್ದುಗೆಗಾಗಿ ಒಳಜಗಳವಿತ್ತು. ಅವನು ಒಂದು ಪಕ್ಷದ ಕೈಹಿಡಿದು, ಯೂಫ್ರೆಟಿಸ್ ದಾಟಿ, ರಾಜಧಾನಿ ವಶುಕನ್ನಿಯನ್ನು ಸೂರೆಮಾಡಿದ. ತುಷ್ರತ್ತನನ್ನು ಅವನ ಮಗನೊಬ್ಬನೇ ಕೊಂದ. ಹೊಸದಾಗಿ ಪಟ್ಟಕ್ಕೆ ಬಂದವನು ಅಸ್ಸೀರಿಯದ ಕಡೆ ವಾಲಿದ. ಹಿಂದೆ ಮಿತನ್ನಿಯವರು ಅಶ್ಶೂರ್ ನಗರದಿಂದ ಕಿತ್ತು ತಂದಿದ್ದ ಚಿನ್ನ ಬೆಳ್ಳಿಯ ಬಾಗಿಲನ್ನು ಅವನು ಕೈಮುಗಿದು ಹಿಂದಿರುಗಿಸಿದ. ಸುಪ್ಪಿಲುಲಿಯುಮನಿಗೆ ಆಗ ಎಚ್ಚರವಾಯಿತು. ಮಿತನ್ನಿ ಸಂಪೂರ್ಣ ನೆಲಕಚ್ಚಿದರೆ ಎದುರಿಗೆ ನಿಲ್ಲುವವನು ಅಸ್ಸೀರಿಯದವನು.

ತುಷ್ರತ್ತನ ಇನ್ನೊಬ್ಬ ಮಗ ಶತ್ತಿವಾಜ ಜೀವ ಉಳಿಸಿಕೊಂಡು ಅಲೆಯುತ್ತಾ ಹಿಟ್ಟೈಟರ ಆಶ್ರಯಕ್ಕೆ ಬಂದಿದ್ದ. ಅವನ ತಂದೆಯ ರಾಜ್ಯವನ್ನು ಹಾಳುಗೆಡವಿದ ರಾಜನೇ ಅವನಿಗೆ ಮಗಳನ್ನು ಕೊಟ್ಟು, ಸೇನೆ ಕೊಟ್ಟು, ಕುಗ್ಗಿದ ಮಿತನ್ನಿಯ ಪಟ್ಟದಲ್ಲಿ ಕೂರಿಸಿದ. ಅಸ್ಸೀರಿಯಕ್ಕೂ ತನಗೂ ನಡುವೆ ಒಂದು ಗೋಡೆ ಬೇಕಿತ್ತು. ಆ ಒಪ್ಪಂದಕ್ಕೆ ಸಾಕ್ಷಿಯಾಗಿ ಕರೆದ ದೇವತೆಗಳ ಉದ್ದನೆಯ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಋಗ್ವೇದದ ದೇವತೆಗಳು ಮಣ್ಣಿನ ಹಲಗೆಯ ಮೇಲೆ ಮೊದಲು ಕಾಣಿಸಿಕೊಂಡದ್ದು ಹೀಗೆ, ಸೋತ ರಾಜ್ಯವೊಂದರ ಪರವಾಗಿ ಸಾಕ್ಷಿ ಹೇಳಲು. ಇಡೀ ಕಥೆಯಲ್ಲಿ ಮಿತನ್ನಿಯ ಮೇಲೆ ಸುಪ್ಪಿಲುಲಿಯುಮನ ಗೆಲುವೇ ದೊಡ್ಡ ತಪ್ಪು. ಕೈಯಾರೆ ಕೆಡವಿದ ಗೋಡೆಯನ್ನು ಅದೇ ಕಲ್ಲಿನಿಂದ ಮತ್ತೆ ಕಟ್ಟಹೊರಟ. ಅದು ಹಳೆಯ ಗಟ್ಟಿತನಕ್ಕೆ ಬರಲೇ ಇಲ್ಲ.

ಅವನು ಕಾರ್ಕೆಮಿಶ್ ಕೋಟೆಗೆ ಮುತ್ತಿಗೆ ಹಾಕಿದ್ದಾಗಲೇ ಈಜಿಪ್ಟಿನಿಂದ ನಂಬಲಾಗದ ಪತ್ರ ಬಂತು. ಬರೆದವಳು ವಿಧವೆ ರಾಣಿ, ಬಹುಶಃ ತೂತಂಖಾಮನ್‌ನ ಹೆಂಡತಿ. ಗಂಡ ಸತ್ತ, ಮಗನಿಲ್ಲ, ನಿನ್ನ ಮಕ್ಕಳಲ್ಲಿ ಒಬ್ಬನನ್ನು ಕಳಿಸು, ಅವನನ್ನು ಗಂಡನಾಗಿ ಮಾಡಿಕೊಳ್ಳುತ್ತೇನೆ. ಮಗಳನ್ನು ಯಾರಿಗೂ ಕೊಡೆವೆಂದಿದ್ದ ಮನೆತನ ಈಗ ಹೊರಗಿನ ಅಳಿಯನನ್ನು ಸಿಂಹಾಸನಕ್ಕೇ ಕರೆಯುತ್ತಿತ್ತು. ಸುಪ್ಪಿಲುಲಿಯುಮ ಅನುಮಾನಪಟ್ಟು ವಿಚಾರಿಸಲು ಆಳು ಕಳಿಸಿದ. ಕಡೆಗೆ ಮಗ ಜನ್ನನ್ಜನನ್ನು ಕಳಿಸಿಕೊಟ್ಟ. ಅವನು ರಾಜನಾಗಲಿಲ್ಲ, ಹೆಣವಾದ. ತಂದೆ ಸಿಟ್ಟಿನಲ್ಲಿ ಈಜಿಪ್ಟಿನ ಗಡಿನಾಡಿನ ಮೇಲೆ ಬಿದ್ದು ಸೆರೆಯಾಳುಗಳನ್ನು ಹಿಡಿದು ತರಿಸಿದ. ಅವರ ಜೊತೆ ಮಾರಿಯೂ ಬಂತು.

ಆ ಪಿಡುಗು ಸುಮಾರು ಇಪ್ಪತ್ತು ವರ್ಷ ಹಿಟ್ಟೈಟರ ನಾಡನ್ನು ತಿಂದಿತು. ಸುಪ್ಪಿಲುಲಿಯುಮ ಸತ್ತ, ಅವನ ಹಿರಿಯ ಮಗನೂ ಸತ್ತ. ಕಿರಿಯ ಮಗ ಮುರ್ಸಿಲಿ ದೇವರ ಮುಂದೆ ಬರೆಸಿಟ್ಟ ಪ್ರಾರ್ಥನೆಗಳು ಪ್ರಾಚೀನ ಜಗತ್ತಿನ ಅತ್ಯಂತ ಪ್ರಾಮಾಣಿಕ ಬರಹಗಳಲ್ಲಿ ಸೇರುತ್ತವೆ. ಕಾರಣ ಹುಡುಕುತ್ತಾ ಹೋದ ಅವನಿಗೆ ಈಜಿಪ್ಟಿನೊಡನೆ ಹಿಂದೆ ಮಾಡಿಕೊಂಡಿದ್ದ ಒಪ್ಪಂದದ ಹಳೆಯ ಹಲಗೆ ಸಿಕ್ಕಿತು. ನನ್ನ ತಂದೆ ಆ ಆಣೆ ಮುರಿದ, ಅದರ ಪಾಪ ನನಗೆ ಬಂದಿದೆ ಎಂದು ಗೆದ್ದ ರಾಜನ ಮಗ ಒಪ್ಪಿಕೊಂಡ.

ಈ ರಾಜಕಾರಣಕ್ಕೆ ಸೂತ್ರ ಬರೆದಿಟ್ಟವರು ಅಲ್ಲಿ ಯಾರೂ ಇರಲಿಲ್ಲ. ಅದು ಆದದ್ದು ಬೇರೆ ನೆಲದಲ್ಲಿ, ಸಾವಿರ ವರ್ಷ ಕಳೆದ ಮೇಲೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ನೆರೆಯವನು ಅರಿ, ಅವನಾಚೆಯವನು ಮಿತ್ರ. ಮುಂದೆ ಯುದ್ಧಕ್ಕೆ ಹೋದಾಗ ಹಿಂದಿನಿಂದ ಹಿಮ್ಮಡಿ ಹಿಡಿಯುವವನು ಪಾರ್ಷ್ಣಿಗ್ರಾಹ. ಈಜಿಪ್ಟಿನ ಕಡೆ ಮುಖಮಾಡಿದ ಹಿಟ್ಟೈಟರಿಗೆ ಅಸ್ಸೀರಿಯ ಆದದ್ದು ಅಕ್ಷರಶಃ ಇದೇ. ಕಾಲದ ಒಂದು ಹೊಂದಿಕೆ ಇಲ್ಲಿ ನೆನಪಿಡುವಂಥದ್ದು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅರ್ಥಶಾಸ್ತ್ರದ ತಾಳೆಗರಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿದ್ದು 1905ರಲ್ಲಿ, ಅಚ್ಚಿಗೆ ಬಂದದ್ದು 1909ರಲ್ಲಿ. ಹಿಟ್ಟೈಟರ ರಾಜಧಾನಿ ಹಟ್ಟುಸದಲ್ಲಿ ಜರ್ಮನಿಯ ಹ್ಯೂಗೊ ವಿಂಕ್ಲರ್ ಮಣ್ಣಿನ ಹಲಗೆಗಳ ರಾಶಿಯನ್ನು ಅಗೆದು ತೆಗೆಯಲು ತೊಡಗಿದ್ದು 1906ರಲ್ಲಿ. ಸೂತ್ರವೂ ಉದಾಹರಣೆಯೂ ಬೇರೆ ಬೇರೆ ಮೂಲೆಗಳಲ್ಲಿ ಒಟ್ಟಿಗೇ ಬೆಳಕಿಗೆ ಬಂದವು.

ಸಿರಿಯಕ್ಕಾಗಿ ಈಜಿಪ್ಟಿಗೂ ಹಿಟ್ಟೈಟರಿಗೂ ನಡೆದ ಕ್ರಿ.ಪೂ. 1274ರ ಕಾದೇಶ್ ಯುದ್ಧದ ಬಗ್ಗೆ ಹಲವರು ಓದಿರಬಹುದು. ಫೇರೋ ಎರಡನೆಯ ರಾಮ್ಸೆಸ್ ಸುಳ್ಳು ಸುದ್ದಿ ನಂಬಿ ಮುನ್ನುಗ್ಗಿದ, ಹಿಟ್ಟೈಟರ ರಥಗಳು ಅವನ ಸೇನೆಯ ಒಂದು ಭಾಗವನ್ನು ಚದುರಿಸಿದವು, ಅವನು ಹೇಗೋ ಪಾರಾಗಿ ಬಂದು ಗೆದ್ದೆನೆಂದು ಗುಡಿಗಳ ಗೋಡೆಯ ತುಂಬ ಕೆತ್ತಿಸಿದ. ಕಾದೇಶ್ ಹಿಟ್ಟೈಟರ ಕೈಯಲ್ಲೇ ಉಳಿಯಿತು. ಅದಕ್ಕಿಂತ ಮುಖ್ಯವಾದದ್ದು ಪೂರ್ವದಲ್ಲಿ ನಡೆಯುತ್ತಿತ್ತು. ಅಸ್ಸೀರಿಯದ ಅದದ್ ನಿರಾರಿ ಮಿತನ್ನಿಯ ಉಳಿಕೆಯನ್ನು ಮಣಿಸಿ, ಹಿಟ್ಟೈಟ್ ರಾಜನನ್ನು ಸೋದರ ಎಂದು ಕರೆದ. ಅದಕ್ಕೆ ಬಂದ ಉತ್ತರ ಚೂರುಚೂರಾದ ಹಲಗೆಯಲ್ಲಿ ಉಳಿದಿದೆ: ನೀನು ಗೆದ್ದದ್ದು ನಿಜ, ಮಹಾರಾಜನಾದದ್ದೂ ನಿಜ, ಆದರೆ ಸೋದರ ಎಂಬ ಮಾತೇಕೆ, ನಾವೇನು ಒಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೇ? ನಂತರ ಬಂದ ಶಲ್ಮನೆಸೆರ್ ಮಿತನ್ನಿಯನ್ನು ಅಳಿಸಿಯೇ ಹಾಕಿದ. 14,400 ಸೆರೆಯಾಳುಗಳನ್ನು ಕುರುಡಾಗಿಸಿದೆನೆಂದು ತನ್ನ ಶಾಸನದಲ್ಲಿ ಹೇಳಿಕೊಂಡ.

ಹಟ್ಟುಸದಲ್ಲಿ ಆಗ ಅಣ್ಣನ ಮಗ ಉರ್ಹಿತೆಶುಬ್‌ನನ್ನು ಇಳಿಸಿ ಚಿಕ್ಕಪ್ಪ ಹಟ್ಟುಸಿಲಿ ಪಟ್ಟವೇರಿದ್ದ. ಓಡಿಹೋದ ಅಣ್ಣನ ಮಗ ಸೇರಿದ್ದು ರಾಮ್ಸೆಸನ ಆಸ್ಥಾನವನ್ನು. ಪೂರ್ವಕ್ಕೆ ಅಸ್ಸೀರಿಯ, ದಕ್ಷಿಣದಲ್ಲಿ ಶತ್ರುವಿನ ಮಡಿಲಲ್ಲಿ ಗದ್ದುಗೆಯ ಹಕ್ಕುದಾರ. ಹಟ್ಟುಸಿಲಿಗೆ ರಾಜಿ ಬೇಕಿತ್ತು. ಕಾದೇಶ್ ಮತ್ತೆ ಸಿಗದೆಂದು ಅರಿತಿದ್ದ ರಾಮ್ಸೆಸನಿಗೂ ಬೇಕಿತ್ತು. ಕ್ರಿ.ಪೂ. 1259ರಲ್ಲಿ ಬೆಳ್ಳಿಯ ಹಲಗೆಯ ಮೇಲೆ ಕೆತ್ತಿದ ಒಪ್ಪಂದ ಈಜಿಪ್ಟಿಗೆ ಹೋಯಿತು. ಒಬ್ಬರ ಮೇಲೆ ಮೂರನೆಯವನು ಬಿದ್ದರೆ ಇನ್ನೊಬ್ಬರು ಸೇನೆ ಕಳಿಸಬೇಕು. ಓಡಿಬಂದವರನ್ನು ಹಿಂದಿರುಗಿಸಬೇಕು, ಆದರೆ ಹಾಗೆ ಒಪ್ಪಿಸಿದವರ ಕಣ್ಣು ಕಿವಿ ಕಾಲುಗಳಿಗೆ ಊನ ಮಾಡಬಾರದು, ಹೆಂಡತಿ ಮಕ್ಕಳನ್ನು ಮುಟ್ಟಬಾರದು. ಆ ಕಾಲಕ್ಕೆ ಈ ಷರತ್ತು ದೊಡ್ಡದು. ಗಡಿ ಎಲ್ಲಿ ಎಂಬ ಮಾತೇ ಅದರಲ್ಲಿಲ್ಲ. ಇಬ್ಬರೂ ಒಪ್ಪಲಾರದ ಪ್ರಶ್ನೆಯನ್ನು ಬರೆಯದೇ ಬಿಟ್ಟರು. ಬೆಳ್ಳಿಯ ಹಲಗೆಯ ಮೇಲೆ ಹಟ್ಟುಸಿಲಿಯ ರಾಣಿ ಪುದುಹೇಪಳ ಮುದ್ರೆಯೂ ಇತ್ತು.

ಪುದುಹೇಪ ಬರಿಯ ಮುದ್ರೆಗೆ ನಿಂತವಳಲ್ಲ. ಮಗಳನ್ನು ರಾಮ್ಸೆಸನಿಗೆ ಕೊಡುವ ಮಾತಾದ ಮೇಲೆ ಬಳುವಳಿ ತಡವಾಯಿತೆಂದು ಅವನು ಆಕ್ಷೇಪಿಸಿದ. ನಮ್ಮ ಉಗ್ರಾಣ ಬರಿದಾದದ್ದು ನಿನಗೆ ಗೊತ್ತಿಲ್ಲವೇ, ನಿನ್ನ ಬಳಿಯೇ ಇರುವ ಉರ್ಹಿತೆಶುಬ್‌ನನ್ನು ಕೇಳು. ನನ್ನ ಸೋದರನಿಗೆ ಏನೂ ಇಲ್ಲವೇ, ನನ್ನಿಂದ ಸಿರಿವಂತನಾಗಬೇಕೇ, ಇದು ನಿನ್ನ ಹೆಸರಿಗೆ ತಕ್ಕುದಲ್ಲ ಎಂದು ಆಕೆ ನೇರವಾಗಿ ಬರೆದಳು. ಒಪ್ಪಂದದ ಹದಿಮೂರು ವರ್ಷದ ಬಳಿಕ ಮದುವೆ ನಡೆಯಿತು. ಎರಡು ಸಾಮ್ರಾಜ್ಯಗಳು ಮತ್ತೆ ಯುದ್ಧ ಮಾಡಲಿಲ್ಲ.

ಅವಳ ಮಗ ತುದಾಲಿಯನ ಕಾಲದ ಒಂದು ಹಲಗೆಯಲ್ಲಿ ಒಬ್ಬ ಗುಮಾಸ್ತನ ಕೈ ತಡವರಿಸಿದ ಗುರುತು ಈಗಲೂ ಇದೆ. ಅಮುರ್ರುವಿನ ರಾಜನಿಗೆ ಒಪ್ಪಂದ ಬರೆಯುತ್ತಾ, ನನಗೆ ಸಮಾನರಾದ ರಾಜರು ಈಜಿಪ್ಟ್, ಬ್ಯಾಬಿಲೋನ್, ಅಸ್ಸೀರಿಯದವರು ಎಂದು ಪಟ್ಟಿಮಾಡಿ, ಅಹ್ಹಿಯಾವ ಎಂದೂ ಸೇರಿಸಿ, ಹಸಿ ಮಣ್ಣಿನ ಮೇಲೆಯೇ ಆ ಕೊನೆಯ ಹೆಸರನ್ನು ಅಳಿಸಿದ್ದಾನೆ. ಅಹ್ಹಿಯಾವ ಎಂದರೆ ಗ್ರೀಕರ ನಾಡೆಂದು ಬಹುತೇಕ ವಿದ್ವಾಂಸರ ಎಣಿಕೆ. ತಾಯಿ ಒಬ್ಬಳೇ ಅಲ್ಲವೆಂದು ಹಿಂದೆ ಹಿಟ್ಟೈಟರ ಅಣಕಕ್ಕೆ ಗುರಿಯಾಗಿದ್ದ ಅಸ್ಸೀರಿಯ ಈಗ ಸರಿಸಮಾನರ ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿದೆ. ಅದೇ ಒಪ್ಪಂದದ ಮುಂದಿನ ಸಾಲುಗಳು ಅಸ್ಸೀರಿಯದೊಡನೆ ವ್ಯಾಪಾರವನ್ನು ನಿಷೇಧಿಸುತ್ತವೆ: ನಿನ್ನ ವರ್ತಕ ಅಲ್ಲಿಗೆ ಹೋಗಕೂಡದು, ಅವರ ವರ್ತಕನನ್ನು ಬರಗೊಡಕೂಡದು. ನಿಷೇಧ ಫಲಿಸಲಿಲ್ಲ. ನಿಹ್ರಿಯ ಎಂಬಲ್ಲಿ ಅಸ್ಸೀರಿಯದ ತುಕುಲ್ತಿ ನಿನುರ್ತ ಹಿಟ್ಟೈಟರನ್ನು ಸೋಲಿಸಿದ; ಕೆಲವು ವರ್ಷಗಳಲ್ಲಿ ಬ್ಯಾಬಿಲೋನಿನ ರಾಜನನ್ನೂ ಸೆರೆಹಿಡಿದ. ಕೊನೆಗೆ ತನ್ನ ಮಗನ ಕೈಯಿಂದಲೇ ಸತ್ತ.

ಹಿಟ್ಟೈಟರನ್ನು ಮುಗಿಸಿದವನು ಮಾತ್ರ ಅವನಲ್ಲ. ಕ್ರಿ.ಪೂ. 13ನೆಯ ಶತಮಾನದ ಕೊನೆಗೆ ಅವರ ನಾಡಾದ ಅನಟೋಲಿಯದಲ್ಲಿ ಕಾಳಿನ ಬರ ಬಂತು. ರಾಮ್ಸೆಸನ ಮಗ ಮರ್ನೆಪ್ತಾ, ಹಿಟ್ಟೈಟರ ನಾಡಿನ ಜೀವ ಉಳಿಸಲು ಹಡಗುಗಳಲ್ಲಿ ಧಾನ್ಯ ಕಳಿಸಿದೆನೆಂದು ಕಾರ್ನಕ್‌ನ ಗುಡಿಯ ಗೋಡೆಯ ಮೇಲೆ ಬರೆಸಿದ್ದಾನೆ. ಗೋರ್ಡಿಯನ್ ಎಂಬಲ್ಲಿ ಸಿಕ್ಕ ಹಳೆಯ ಮರದ ತೊಲೆಗಳ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು ಕ್ರಿ.ಪೂ. 1198ರಿಂದ 1196ರ ಆಸುಪಾಸಿನಲ್ಲಿ ಸತತ ಮಳೆ ಕೈಕೊಟ್ಟದ್ದನ್ನು ಗುರುತಿಸಿದ್ದಾರೆ. ಆ ಸುಮಾರಿಗೇ ಅರಮನೆಯವರು ಬೆಲೆಬಾಳುವುದನ್ನೆಲ್ಲ ಕಟ್ಟಿಕೊಂಡು ಹಟ್ಟುಸವನ್ನು ತೊರೆದರು. ಆಮೇಲೆ ಊರಿಗೆ ಬೆಂಕಿ ಬಿತ್ತು.

ಬೆಳ್ಳಿಯ ಹಲಗೆ ಈವರೆಗೆ ಎಲ್ಲಿಯೂ ಸಿಕ್ಕಿಲ್ಲ. ಹೊರಡುವ ಅವಸರದಲ್ಲಿ ಅವರು ಕಡತಕೋಣೆಯಲ್ಲೇ ಬಿಟ್ಟುಹೋದ ಮಣ್ಣಿನ ಪ್ರತಿಯನ್ನು 1906ರ ಬೇಸಿಗೆಯಲ್ಲಿ ವಿಂಕ್ಲರ್ ಕೈಗೆತ್ತಿಕೊಂಡ. ಕಾರ್ನಕ್‌ನ ಗೋಡೆಯಲ್ಲಿ ಅದುವರೆಗೆ ಈಜಿಪ್ಟಿನ ಭಾಷೆಯಲ್ಲಷ್ಟೇ ಓದಿದ್ದ ಒಪ್ಪಂದ ಅಕ್ಕಾಡಿಯನ್ನಿನಲ್ಲಿ ಅವನ ಕಣ್ಣೆದುರಿಗಿತ್ತು. ಅಂಚು ಮುರಿದ ಆ ಹಲಗೆ ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ.